ಸಿಂಹಗಡ ಹತ್ತಿದ ಕಾಲು, ಖುಂಬುವಿನಲ್ಲಿ ಸಿಡಿಯುವ ತಲೆ

ಭಾನುವಾರ ನಸುಕಿನಲ್ಲೇ ಸಿಂಹಗಡ ಹತ್ತುವ ಪುಣೆಯವರ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಮೇಲೆ ಪಿಠಲ-ಭಾಕರಿ, ಮಡಕೆ ಮೊಸರು ಮುಂದಿಟ್ಟುಕೊಂಡು ಕೂತಾಗ ಹಿಮಾಲಯದ ಮಾತು ಬಾರದೆ ಇರುವುದಿಲ್ಲ. "ಒಂದ್ ತಾಸಿನ್ಯಾಗ ಗಡ ಹತ್ತತೀನ್ರಿ, ಎವರೆಸ್ಟ್ ಬೇಸ್ ಕ್ಯಾಂಪಿಗೆ ಇಷ್ಟ ಸಾಕಲ್ಲೇನ್ರಿ?"

ಕಾಲಿನ ಮಟ್ಟಿಗೆ ಸಾಕು. ಆದರೆ ಕಾಲು ಗಟ್ಟಿಯಿದ್ದೂ ತಲೆ ಸಿಡಿದು, ಹೊಟ್ಟೆ ತೊಳಸಿ, ಅರ್ಧ ದಾರಿಯಿಂದ ಮರಳುವವರು ಪ್ರತಿ ಸೀಸನ್ನಿನಲ್ಲೂ ಇರುತ್ತಾರೆ. ಕಾರಣ ತಿಳಿಯಲು ಕೆಲವು ಎತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸಿಂಹಗಡ ಸುಮಾರು 1300 ಮೀಟರ್. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ 1646. ನಮ್ಮ ಮುಳ್ಳಯ್ಯನಗಿರಿ 1930. ಇಡೀ ಪಶ್ಚಿಮ ಘಟ್ಟದ ತುತ್ತತುದಿ, ಕೇರಳದ ಆನೆಮುಡಿ, 2695. ಎವರೆಸ್ಟ್ ಇರುವ ನೇಪಾಳದ ಖುಂಬು ಸೀಮೆಗೆ ನಡಿಗೆ ಶುರುವಾಗುವ ಲುಕ್ಲಾ 2860 ಮೀಟರ್‌ನಲ್ಲಿದೆ. ನಮ್ಮ ಬೆಟ್ಟಸಾಲು ಪೂರ್ತಿ ಮುಗಿದ ಮೇಲೆ ಅವರ ದಾರಿ ಆರಂಭ! ಎತ್ತರದ ಕಾಯಿಲೆ ಸಾಮಾನ್ಯವಾಗಿ ತಲೆ ಹಾಕುವುದು 2500 ಮೀಟರ್ ದಾಟಿದ ಮೇಲೆ. ಹಾಗಾಗಿ ಸಹ್ಯಾದ್ರಿಯಲ್ಲಿ ಇಪ್ಪತ್ತು ವರ್ಷ ಅಲೆದವರ ಮೈಗೂ ಆ ಪಾಠ ಆಗಿರುವುದಿಲ್ಲ.

ಗಾಳಿ ಅದೇ, ಒತ್ತಡ ಬೇರೆ

"ಮೇಲೆ ಆಮ್ಲಜನಕ ಕಡಿಮೆ" ಎನ್ನುವುದು ಅರ್ಧ ಸತ್ಯ. ದಾದರ್ ಸ್ಟೇಷನ್ನಿನ ಗಾಳಿಯಲ್ಲೂ ಬೇಸ್ ಕ್ಯಾಂಪಿನ ಗಾಳಿಯಲ್ಲೂ ಆಮ್ಲಜನಕದ ಪಾಲು ಸುಮಾರು 21 ಪ್ರತಿಶತವೇ. ಕಡಿಮೆಯಾಗುವುದು ಗಾಳಿಯ ಒತ್ತಡ. 5364 ಮೀಟರ್ ಎತ್ತರದ ಬೇಸ್ ಕ್ಯಾಂಪಿನಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಎದೆ ತುಂಬ ಎಳೆದ ಒಂದು ಉಸಿರಿನಲ್ಲಿ ಮುಂಬೈಯ ಅರ್ಧ ಉಸಿರಿನಷ್ಟು ಆಮ್ಲಜನಕ.

ಈ ಕೊರತೆಗೆ ಮೈ ಮೊದಲು ಕೊಡುವ ಉತ್ತರ, ಹೆಚ್ಚು ಉಸಿರಾಡುವುದು. ಹಾಗೆ ಮಾಡಿದಾಗ ಇಂಗಾಲದ ಡೈಆಕ್ಸೈಡೂ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಅದನ್ನು ಗಮನಿಸಿದ ಮಿದುಳು "ಸಾಕು, ನಿಧಾನಿಸು" ಎಂದು ಉಸಿರಿಗೆ ಬ್ರೇಕ್ ಹಾಕುತ್ತದೆ. ಒಂದು ಕಡೆ ಆಮ್ಲಜನಕ ಸಾಲದು, ಇನ್ನೊಂದು ಕಡೆ ಬ್ರೇಕು. ಈ ಜಗಳ ಬಿಡಿಸುವುದು ಮೂತ್ರಪಿಂಡ. ಅದು ಬೈಕಾರ್ಬನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಹದಕ್ಕೆ ತಂದ ಮೇಲೆ ಬ್ರೇಕು ಸಡಿಲವಾಗುತ್ತದೆ. ಆದರೆ ಇದು ಗಂಟೆಗಳ ಕೆಲಸವಲ್ಲ, ದಿನಗಳ ಕೆಲಸ. ಆ ದಾರಿಯ ನಾಮ್ಚೆ ಊರಿನಲ್ಲಿ ಮೊದಲ ರಾತ್ರಿ ಮೂರು ನಾಲ್ಕು ಸಲ ಎದ್ದು ಹೋಗಬೇಕಾಗಿ ಬಂದರೆ ಚಳಿಯಲ್ಲಿ ಬೈದುಕೊಳ್ಳುವಂತಾಗುತ್ತದೆ ನಿಜ. ಆದರೆ ಅದು ಒಳ್ಳೆಯ ಲಕ್ಷಣ.

ಅದೇ ಬ್ರೇಕು ನಿದ್ದೆಯಲ್ಲಿ ವಿಚಿತ್ರವಾಗಿ ಕಾಣಿಸಿಕೊಳ್ಳುತ್ತದೆ. ಪಕ್ಕದ ಹಾಸಿಗೆಯವರು ಜೋರಾಗಿ ನಾಲ್ಕಾರು ಉಸಿರೆಳೆದು, ಹತ್ತು ಸೆಕೆಂಡು ಉಸಿರೇ ನಿಲ್ಲಿಸಿ, ಮತ್ತೆ ಏದುಸಿರಿನಿಂದ ಶುರು ಮಾಡುತ್ತಾರೆ. ನೋಡುವವರ ಎದೆ ಹಾರುತ್ತದೆ. ಆ ಎತ್ತರದಲ್ಲಿ ಇದು ಸಾಮಾನ್ಯ. ಇದೊಂದೇ ಇದ್ದರೆ ಹೆದರಬೇಕಿಲ್ಲ.

ರಕ್ತದಲ್ಲಿ ಕೆಂಪುಕಣ ಹೆಚ್ಚುತ್ತದಲ್ಲ, ಅದು? ಹೆಚ್ಚಿಸಲು ಬೇಕಾದ ಹಾರ್ಮೋನು ಗಂಟೆಗಳಲ್ಲೇ ಏರುತ್ತದೆ, ಆದರೆ ಕಣಗಳು ತಯಾರಾಗಿ ಬರಲು ವಾರಗಳು ಬೇಕು. ಹನ್ನೆರಡು ದಿನದ ಟ್ರೆಕ್ಕಿನಲ್ಲಿ ನಿಮ್ಮನ್ನು ಕಾಯುವುದು ಉಸಿರು ಮತ್ತು ಮೂತ್ರಪಿಂಡ, ಹೊಸ ರಕ್ತವಲ್ಲ. ಮ್ಯಾರಥಾನ್ ಓಟಗಾರನ ಮೂತ್ರಪಿಂಡ ನಮ್ಮದಕ್ಕಿಂತ ಬೇಗ ಕೆಲಸ ಮಾಡುವುದಿಲ್ಲ. ಫಿಟ್‌ನೆಸ್‌ ಎತ್ತರದ ಕಾಯಿಲೆಯಿಂದ ಕಾಪಾಡದಿರುವುದು ಇದಕ್ಕೇ. ಗಟ್ಟಿ ಕಾಲಿನ ಹುಡುಗರು ಬೇಗ ಬೇಗ ಹತ್ತಿ ಮೊದಲು ಮಲಗುವುದೂ ಇದಕ್ಕೇ.

ದಿನಗಳ ಲೆಕ್ಕ

ಇಲ್ಲಿರುವ ನಿಯಮ ಒಂದೇ: 3000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ 500 ಮೀಟರ್‌ಗಿಂತ ಹೆಚ್ಚು ಎತ್ತರದಲ್ಲಿ ಮಲಗಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಊರಿನಲ್ಲಿ ಇನ್ನೊಂದು ರಾತ್ರಿ ಕಳೆಯಿರಿ. ಲೆಕ್ಕಕ್ಕೆ ಬರುವುದು ಮಲಗುವ ಎತ್ತರ. ಹಗಲು ಅದಕ್ಕಿಂತ ಮೇಲೆ ಹೋಗಿ ಇಳಿದು ಬರುವುದು ತಪ್ಪಲ್ಲ, ಮಾಡಬೇಕಾದದ್ದೇ ಅದು.

ಲುಕ್ಲಾದಿಂದ ಮೊದಲ ದಿನ ಫಾಕ್ಡಿಂಗ್‌ಗೆ ಇಳಿಯುತ್ತೀರಿ, 2610 ಮೀಟರ್. ಮೂರು ನಾಲ್ಕು ಗಂಟೆಯ ಸಲೀಸು ದಾರಿ. ಎರಡನೆಯ ದಿನ ದೂಧ್ ಕೋಸಿ ನದಿಯ ತೂಗುಸೇತುವೆಗಳನ್ನು ದಾಟಿ, ಮೊಂಜೋದಲ್ಲಿ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಪರವಾನಗಿ ತೋರಿಸಿ, ಕೊನೆಗೆ ನಾಮ್ಚೆಯ ಏರು. ನದಿಯಿಂದ ನಾಮ್ಚೆಗೆ ಸುಮಾರು 600 ಮೀಟರ್, ಅಂದರೆ ಅತ್‌ಕರ್‌ವಾಡಿಯಿಂದ ಸಿಂಹಗಡ ಒಂದು ಸಲ ಹತ್ತಿದಷ್ಟೇ. ಸಿಂಹಗಡಕ್ಕೆ ಒಂದು ತಾಸು ಸಾಕಾದವರು ಇಲ್ಲಿ ಎರಡೂವರೆ ಮೂರು ತಾಸು ಹಾಕಿಕೊಳ್ಳಬೇಕು. ದಾರಿಯುದ್ದಕ್ಕೂ ಕಿವಿಗೆ ಬೀಳುವ ನೇಪಾಳಿ ಮಾತು "ಬಿಸ್ತಾರೈ, ಬಿಸ್ತಾರೈ", ನಿಧಾನ ನಿಧಾನ. ನಡೆಯುತ್ತ ಪೂರ್ತಿ ಒಂದು ವಾಕ್ಯ ಆಡಲು ಆಗದಿದ್ದರೆ ನಿಮ್ಮ ವೇಗ ಹೆಚ್ಚಾಯಿತೆಂದೇ ಅರ್ಥ.

ಫಾಕ್ಡಿಂಗ್‌ನಿಂದ 3440 ಮೀಟರಿನ ನಾಮ್ಚೆಗೆ ಒಂದೇ ದಿನದಲ್ಲಿ 830 ಮೀಟರಿನ ಜಿಗಿತ. ಹೆಚ್ಚಿನವರಿಗೆ ಮೊದಲ ತಲೆನೋವು ಬರುವುದು ಇಲ್ಲೇ. ಮೊದಲ ದಿನವೇ ಇನ್ನೊಂದಿಷ್ಟು ನಡೆದು 2835 ಮೀಟರಿನ ಮೊಂಜೋದಲ್ಲಿ ಮಲಗಿದರೆ ಜಿಗಿತ 600ಕ್ಕೆ ಇಳಿಯುತ್ತದೆ. ಹೆಚ್ಚಿನ ಟೂರ್ ಪಟ್ಟಿಗಳಲ್ಲಿ ಫಾಕ್ಡಿಂಗ್ ಎಂದೇ ಇರುತ್ತದೆ, ಕೇಳಿ ಬದಲಾಯಿಸಿಕೊಳ್ಳಬಹುದು. ನಾಮ್ಚೆಯಲ್ಲಿ ಎರಡು ರಾತ್ರಿ ಕಡ್ಡಾಯ. ನಡುವಿನ ದಿನ ಮಲಗಿ ಕಳೆಯುವುದಕ್ಕಲ್ಲ. 3800 ಮೀಟರ್ ಆಸುಪಾಸಿನ ಖುಮ್ಜುಂಗ್ ಹಳ್ಳಿಯ ಕಡೆ ಹತ್ತಿ, ಚಹಾ ಕುಡಿದು, ಇಳಿದು ಬನ್ನಿ.

ನಾಮ್ಚೆಯಿಂದ ತೆಂಗ್ಬೋಚೆಗೆ ಹೋಗುವ ದಿನ ನೋಡಲು ಸುಲಭ, ಮನಸ್ಸಿಗೆ ಕಷ್ಟ. ಹತ್ತಿದ್ದನ್ನೆಲ್ಲ ಫುಂಕಿ ಥೆಂಗಾದ ಹೊಳೆಯವರೆಗೆ, 3250ಕ್ಕೆ ಇಳಿಸಿ, ಮತ್ತೆ 3867ರ ಬೌದ್ಧ ಮಠದವರೆಗೆ ಹತ್ತಿಸುತ್ತದೆ. ಮುಂದೆ ಡಿಂಗ್ಬೋಚೆ, 4410. ಇಲ್ಲಿ ಮತ್ತೆ ಎರಡು ರಾತ್ರಿ. ರಜೆಯ ಲೆಕ್ಕದಲ್ಲಿ ಮೊದಲು ಕತ್ತರಿ ಬೀಳುವುದು ಈ ಎರಡನೆಯ ರಾತ್ರಿಗೇ, ಮತ್ತು ಅದರ ಬೆಲೆ ಲೋಬುಚೆಯಲ್ಲಿ ತೆರಬೇಕಾಗುತ್ತದೆ. ನಡುವಿನ ದಿನ ಹಿಂದಿನ ಗುಡ್ಡವನ್ನು 4800ರವರೆಗಾದರೂ ಹತ್ತಿ ಇಳಿಯಿರಿ. ಆಮೇಲೆ ಥುಕ್ಲಾದ ಏರು ಹತ್ತಿ, ಎವರೆಸ್ಟಿನಲ್ಲಿ ಸತ್ತವರ ನೆನಪಿನ ಕಲ್ಲುಗುಪ್ಪೆಗಳ ನಡುವೆ ನಡೆದು 4940ರ ಲೋಬುಚೆ. ಮರುದಿನ 5164ರ ಗೋರಕ್ ಶೆಪ್, ಒಣಗಿದ ಕೆರೆಯಂಗಳದ ಮರಳಿನ ಪಕ್ಕದ ನಾಲ್ಕಾರು ಲಾಡ್ಜು. ಅಲ್ಲಿ ಚೀಲ ಇಟ್ಟು, ಹಿಮನದಿಯ ಅಂಚಿನ ಕಲ್ಲುರಾಶಿಯ ಮೇಲೆ ಎರಡು ಮೂರು ಗಂಟೆ ನಡೆದರೆ ಬೇಸ್ ಕ್ಯಾಂಪು.

ಬೇಸ್ ಕ್ಯಾಂಪಿನಿಂದ ಎವರೆಸ್ಟಿನ ಶಿಖರ ಕಾಣುವುದಿಲ್ಲ! ಅದರ ಪಶ್ಚಿಮ ಭುಜ ಅಡ್ಡ ನಿಲ್ಲುತ್ತದೆ. ಶಿಖರ ನೋಡಬೇಕೆಂದರೆ ಮರುದಿನ ನಸುಕಿನಲ್ಲಿ 5500 ಮೀಟರ್ ದಾಟಿದ ಕಾಲಾ ಪತ್ಥರ್ ಹತ್ತಬೇಕು. ಇಡೀ ಟ್ರೆಕ್ಕಿನ ಅತಿ ಎತ್ತರದ ಜಾಗವೂ ಅದೇ. ಅಲ್ಲಿಂದ ಅದೇ ದಿನ ಫೆರಿಚೆಗೆ ಇಳಿದುಬಿಡುವುದು ಜಾಣತನ.

ಹೋಗಲು ಎಂಟು ದಿನ, ಬರಲು ಮೂರು. ಪುಣೆ-ಮುಂಬೈಯಿಂದ ಕಾಠ್ಮಂಡು ಸೇರಿ ಮರಳುವ ದಿನಗಳು, ಲುಕ್ಲಾ ವಿಮಾನಕ್ಕೆಂದು ಎರಡು ಹೆಚ್ಚುವರಿ ದಿನ, ಎಲ್ಲ ಸೇರಿ ಮನೆಯಿಂದ ಮನೆಗೆ ಹದಿನಾರು ದಿನ. ಆಫೀಸಿನಲ್ಲಿ ಒಂಬತ್ತು ದಿನ ರಜೆ ಕೇಳಿ, ಎರಡು ಶನಿವಾರ-ಭಾನುವಾರ ಸೇರಿಸಿ ಮುಗಿಸಿಬಿಡೋಣ ಎನ್ನುವವರಿಗೆ ಹೇಳುವುದಿಷ್ಟೇ: ಈ ಸಲ ಬೇರೆ ಚಿಕ್ಕ ಟ್ರೆಕ್ ನೋಡಿಕೊಳ್ಳಿ.

ತಲೆನೋವು ಯಾವಾಗ ಕಾಯಿಲೆ

ತಲೆನೋವಿನ ಜೊತೆಗೆ ವಾಕರಿಕೆ ಅಥವಾ ಊಟ ಸೇರದಿರುವುದು, ಮಿತಿಮೀರಿದ ಸುಸ್ತು, ತಲೆಸುತ್ತು, ಇವುಗಳಲ್ಲಿ ಯಾವುದಾದರೂ ಸೇರಿದರೆ ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿಯಿರಿ. "ನಿನ್ನೆ ತಿಂದ ಮೊಮೊ ಸರಿಯಿರಲಿಲ್ಲ", "ಬಿಸಿಲು ಬಡಿಯಿತು" ಎಂಬ ಸಮಜಾಯಿಷಿ ಬೇಡ. ಹಗುರವಾಗಿದ್ದರೆ ಅಲ್ಲೇ ಇನ್ನೊಂದು ರಾತ್ರಿ ನಿಲ್ಲಿ. ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಲಕ್ಷಣ ಪೂರ್ತಿ ಹೋಗುವವರೆಗೆ ಮೇಲೆ ಹತ್ತಬೇಡಿ, ಹೆಚ್ಚಾದರೆ ಇಳಿಯಿರಿ.

ಜೀವ ತೆಗೆಯುವ ರೂಪಗಳು ಎರಡು. ಒಂದರಲ್ಲಿ ಮಿದುಳು ಊದಿಕೊಳ್ಳುತ್ತದೆ: ಮಾತು ತಪ್ಪುವುದು, ಸಿಡುಕು, ಕುಡಿದವರಂತೆ ತೂರಾಡುವುದು. ಪರೀಕ್ಷೆ ಸುಲಭ. ನೆಲದ ಮೇಲೆ ನೇರ ಗೆರೆ ಎಳೆದು ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನಡೆಯಲು ಹೇಳಿ. ವಾಲಿದರೆ ಬೆಳಗಾಗುವುದನ್ನು ಕಾಯಬೇಡಿ. ಇನ್ನೊಂದರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೊಸ ಎತ್ತರಕ್ಕೆ ಬಂದ ಎರಡನೆಯ ರಾತ್ರಿಯ ಹೊತ್ತಿಗೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಗುಂಪಿನಲ್ಲಿ ಮುಂದಿದ್ದವರು ಹಿಂದೆ ಬೀಳುತ್ತಾರೆ, ಒಣಕೆಮ್ಮು, ಕೂತಲ್ಲೇ ಏದುಸಿರು. ಮುಂದುವರಿದರೆ ಗುಲಾಬಿ ಬಣ್ಣದ ನೊರೆ. ತಲೆನೋವು ಇಲ್ಲದೆಯೂ ಇದು ಬರಬಹುದು, ಅದಕ್ಕೇ ಮೋಸ. ಎರಡಕ್ಕೂ ಮದ್ದು ಇಳಿಯುವುದು, ಕನಿಷ್ಠ 1000 ಮೀಟರ್ ಅಥವಾ ಲಕ್ಷಣ ತಗ್ಗುವವರೆಗೆ. ಆಮ್ಲಜನಕದ ಸಿಲಿಂಡರ್, ಡೆಕ್ಸಾಮೆಥಾಸೋನ್, ನಿಫೆಡಿಪಿನ್ ಮದ್ದುಗಳು, ರೋಗಿಯನ್ನು ಒಳಗೆ ಮಲಗಿಸಿ ಒತ್ತಡ ಹೆಚ್ಚಿಸುವ ಗಾಳಿಚೀಲ ಎಲ್ಲವೂ ಇಳಿಯಲು ಸಮಯ ಗಳಿಸಿಕೊಡುವ ಸಾಧನಗಳು; ಇಳಿಯುವುದಕ್ಕೆ ಬದಲಿ ಅಲ್ಲ. ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಕ್ಲಿನಿಕ್ ಟ್ರೆಕ್ಕಿಂಗ್ ಸೀಸನ್ನಿನಲ್ಲಿ ತೆರೆದಿರುತ್ತದೆ.

ರೋಗಿಯನ್ನು ಒಂಟಿಯಾಗಿ ಇಳಿಸಬಾರದು. ಪೋರ್ಟರನ್ನೂ ಅಷ್ಟೇ. ಪೋರ್ಟರ್ ಎಂದರೆ ಬೆಟ್ಟದಲ್ಲೇ ಹುಟ್ಟಿದವರು, ಅವರಿಗೇನೂ ಆಗದು ಎಂಬ ಭಾವನೆ ತಪ್ಪು. ಅನೇಕರು ಕೆಳಗಿನ ಕಣಿವೆಗಳಿಂದ ಬಂದವರು. ನಮ್ಮಂತೆಯೇ ಅವರಿಗೂ ತಲೆ ನೋಯುತ್ತದೆ, ಹೇಳಿದರೆ ಕೂಲಿ ಹೋದೀತೆಂದು ಸುಮ್ಮನಿರುತ್ತಾರೆ. ಕೇಳಬೇಕಾದವರು ನಾವು.

ಎತ್ತರದ ಕಾಯಿಲೆ ತಡೆಯಲು ನುಂಗುವ ಡಯಾಮಾಕ್ಸ್ ಮಾತ್ರೆಯ ಬಗ್ಗೆ ಎರಡು ಗುಂಪುಗಳಿವೆ. "ಮಾತ್ರೆ ತಗೊಂಡರೆ ಅದೇನು ಟ್ರೆಕ್" ಎನ್ನುವವರು ಒಂದು ಕಡೆ, ಕಡಲೆಕಾಯಿಯಂತೆ ನುಂಗುವವರು ಇನ್ನೊಂದು ಕಡೆ. ಅದು ಮಾಡುವುದು ಮೂತ್ರಪಿಂಡದ ಕೆಲಸವನ್ನೇ, ತುಸು ಬೇಗ: ಬೈಕಾರ್ಬನೇಟ್ ಹೊರಹಾಕಿಸಿ ಉಸಿರಿನ ಬ್ರೇಕು ಸಡಿಲಿಸುವುದು. ರೋಗ ಮುಚ್ಚಿಡುವ ಮದ್ದು ಅದಲ್ಲ. ತಡೆಗಟ್ಟಲು ದೊಡ್ಡವರಿಗೆ ಸಾಮಾನ್ಯ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಬೆರಳತುದಿ ಜುಮುಗುಡುತ್ತದೆ, ಸೋಡಾ ಸಪ್ಪೆಯಾಗುತ್ತದೆ. ಸಲ್ಫಾ ಅಲರ್ಜಿ ಇರುವವರು, ಬಿಪಿ-ಸಕ್ಕರೆ ಮಾತ್ರೆ ನುಂಗುವವರು ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು. ಅಲರ್ಜಿ ಇಲ್ಲದವರೂ ಮನೆಯಲ್ಲೇ ಒಂದೆರಡು ದಿನ ನುಂಗಿ ನೋಡಿದರೆ ಮೇಲೆ ಹೋಗಿ ಗಾಬರಿಯಾಗುವುದು ತಪ್ಪುತ್ತದೆ. ನಿದ್ದೆ ಮಾತ್ರೆ, ಮದ್ಯ ಎರಡೂ ಉಸಿರನ್ನು ಇನ್ನಷ್ಟು ಅದುಮುತ್ತವೆ. ಶೆರ್ಪಾ ಮನೆಯ ಛಾಂಗ್ ರುಚಿ ನೋಡಲೇಬೇಕೆಂದರೆ ಇಳಿಯುವಾಗ ನೋಡಿ.

ಇನ್ನು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಕೋವಿಡ್ ಕಾಲದಲ್ಲಿ 94ಕ್ಕಿಂತ ಇಳಿದರೆ ಆಸ್ಪತ್ರೆಗೆ ಓಡಿದ ನಮಗೆ ಗೋರಕ್ ಶೆಪ್‌ನಲ್ಲಿ 80ರ ಆಸುಪಾಸು ಕಂಡರೆ ಎದೆ ಧಸಕ್ಕೆನ್ನುತ್ತದೆ. ಆ ಎತ್ತರಕ್ಕೆ ಅದು ಸಹಜ. ತಣ್ಣಗಾದ ಬೆರಳು ಇನ್ನೂ ಕಡಿಮೆ ತೋರಿಸುತ್ತದೆ. ಕೈ ಬೆಚ್ಚಗೆ ಮಾಡಿಕೊಂಡು, ಕೂತು, ಒಂದು ನಿಮಿಷ ಬಿಟ್ಟು ನೋಡಿ. ಅಂಕಿ ಚೆನ್ನಾಗಿದ್ದು ಮನುಷ್ಯ ತೂರಾಡುತ್ತಿದ್ದರೆ ಅಂಕಿಯನ್ನಲ್ಲ, ಮನುಷ್ಯನನ್ನು ನಂಬಬೇಕು.

ತಯಾರಿ ಮತ್ತು ಚೀಲ

ಕಾಲಿಗೆ ಮೂರು ತಿಂಗಳು ಸಾಕು. ವಾರಕ್ಕೊಮ್ಮೆ ಆರೇಳು ಕೆಜಿ ಹೊತ್ತು ಸಿಂಹಗಡ ಅಥವಾ ರಾಜಗಡ, ತಿಂಗಳಿಗೊಮ್ಮೆ ಬೆನ್ನುಬೆನ್ನಿಗೆ ಎರಡು ದಿನದ ನಡಿಗೆ. ಮುಂಬೈಯವರಿಗೆ ಗುಡ್ಡ ದೂರವಾದರೆ ಇಪ್ಪತ್ತು ಮಹಡಿಯ ಕಟ್ಟಡದ ಮೆಟ್ಟಿಲು ಹತ್ತು ಸಲ ಹತ್ತಿದರೆ ಸುಮಾರು 600 ಮೀಟರ್ ಆಯಿತು, ನಾಮ್ಚೆಯ ಏರು ಲಿಫ್ಟಿನ ಪಕ್ಕದಲ್ಲೇ. ಇಳಿಯುವಾಗ ಮಾತ್ರ ಲಿಫ್ಟ್ ಬೇಡ. ಗೋರಕ್ ಶೆಪ್‌ನಿಂದ ಲುಕ್ಲಾಕ್ಕೆ ಮೂರು ದಿನದ ಇಳಿತದಲ್ಲಿ ಮಂಡಿ ಕೇಳುವುದು ಆ ಅಭ್ಯಾಸವನ್ನೇ.

ಪಣಜಿ, ಮಡಗಾಂವ್, ಮುಂಬೈಯ ಜನ ಚಳಿಗೆ ಹೆದರಿ ಬಟ್ಟೆ ತುಂಬಿಕೊಳ್ಳುತ್ತಾರೆ, ಒಣಹವೆಯನ್ನು ಮರೆಯುತ್ತಾರೆ. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ನಿಜ, ರಾತ್ರಿ ಬಾಟಲಿಯ ನೀರು ಗಟ್ಟಿಯಾಗುತ್ತದೆ. ಆದರೆ ತೇವದ ಗಾಳಿಗೆ ಒಗ್ಗಿದ ಗಂಟಲಿಗೆ ಆ ಒಣ ತಣ್ಣನೆ ಗಾಳಿ ಉರಿ. ಹತ್ತುತ್ತ ಬಾಯಿಯಲ್ಲಿ ಉಸಿರಾಡಿ ವಾರಗಟ್ಟಲೆ ಉಳಿಯುವ ಕೆಮ್ಮು ತಂದುಕೊಳ್ಳುತ್ತಾರೆ. ಖುಂಬು ಕೆಮ್ಮು ಎಂದೇ ಅದಕ್ಕೆ ಹೆಸರು. ಮೂಗು-ಬಾಯಿಗೆ ತೆಳು ಬಟ್ಟೆ ಮೊದಲ ದಿನದಿಂದಲೇ ಕಟ್ಟಿಕೊಳ್ಳಿ. ದಪ್ಪ ಸ್ವೆಟರ್ ಒಂದರ ಬದಲು ಬೆವರು ಹೀರುವ ಒಳ ಅಂಗಿ, ಫ್ಲೀಸ್, ಡೌನ್ ಜಾಕೆಟ್, ಗಾಳಿ ತಡೆಯುವ ಹೊರ ಜಾಕೆಟ್. ಹತ್ತಿಯ ಬನಿಯನ್ ಬೇಡ. ಬೆವರಿಗೆ ನೆನೆದರೆ ಮೈ ಮೇಲೆ ಮಂಜುಗಡ್ಡೆ. ಶೂ ಹೊಸದಾಗಿದ್ದರೆ ಸಹ್ಯಾದ್ರಿಯಲ್ಲಿ ನಾಲ್ಕು ಭಾನುವಾರ ತುಳಿದು ಹದ ಮಾಡಿ ಒಯ್ಯಿರಿ. ಕೊಳವೆಯಿಂದ ಹೀರುವ ನೀರಿನ ಚೀಲದ ಕೊಳವೆ ಡಿಂಗ್ಬೋಚೆಯ ಮೇಲೆ ಹೆಪ್ಪುಗಟ್ಟುತ್ತದೆ, ಬಾಟಲಿಯೇ ಮೇಲು. ಕಪ್ಪು ಕನ್ನಡಕ ಶೋಕಿಯಲ್ಲ; ಹಿಮದ ಮೇಲೆ ಬರಿಗಣ್ಣಿನಲ್ಲಿ ಒಂದು ದಿನ ನಡೆದರೆ ರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ.

ಲುಕ್ಲಾದ ಚಿಕ್ಕ ವಿಮಾನದಲ್ಲಿ ಕೈಚೀಲ ಸೇರಿ ಸುಮಾರು 15 ಕೆಜಿ ಮಿತಿ. ಹೀಗಾಗಿ ತಿಂಡಿಯ ಡಬ್ಬ ಒಂದೆರಡು ಸಾಕು, ಆದರೆ ಅದು ಇರಲೇಬೇಕು. ಮೇಲೆ ಹಸಿವು ಸಾಯುತ್ತದೆ. 5000 ಮೀಟರಿನಲ್ಲಿ ನೀರು 83 ಡಿಗ್ರಿಗೇ ಕುದಿಯುವುದರಿಂದ ಬೇಳೆ-ಅನ್ನ ಕುಕ್ಕರಿಲ್ಲದೆ ಬೇಯದು, ಬೆಂದರೂ ರುಚಿ ಹತ್ತದು. ಆಗ ಶೇಂಗಾ ಚಟ್ನಿಯೋ ಮಾಟುಂಗಾದಲ್ಲಿ ಕೊಂಡ ಚಟ್ನಿಪುಡಿಯೋ ಅದೇ ದಾಲ್-ಭಾತನ್ನು ಗಂಟಲೊಳಗೆ ಇಳಿಸುತ್ತದೆ. ನಾಮ್ಚೆಯಿಂದ ಮೇಲೆ ಮಾಂಸ ಬೇಡ: ಅಲ್ಲಿ ಪ್ರಾಣಿವಧೆ ಮಾಡುವುದಿಲ್ಲ, ಕೆಳಗಿನಿಂದ ದಿನಗಟ್ಟಲೆ ಹೊತ್ತು ತಂದದ್ದು. ನೀರು ದಿನಕ್ಕೆ ಮೂರು ನಾಲ್ಕು ಲೀಟರ್, ಕುದಿಸಿದ್ದು ಅಥವಾ ಕ್ಲೋರಿನ್ ಮಾತ್ರೆ ಹಾಕಿದ್ದು.

ನೇಪಾಳಕ್ಕೆ ವೀಸಾ ಬೇಡ, ಆದರೆ ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ನಂಬಿಕೊಂಡು ಹೋಗಬೇಡಿ. ವಿಮೆ ಮಾಡಿಸುವಾಗ "ಟ್ರೆಕ್ಕಿಂಗ್ ಸೇರಿದೆ" ಎಂಬ ಮಾತಿಗೆ ತೃಪ್ತರಾಗದೆ ಎಷ್ಟು ಮೀಟರಿನವರೆಗೆ ಎಂದು ಓದಿ. 4000ಕ್ಕೆ ನಿಲ್ಲುವ ಪಾಲಿಸಿಯಿಂದ ಲೋಬುಚೆಯ ಹೆಲಿಕಾಪ್ಟರ್ ಬಾರದು.

ದಾರಿಯಲ್ಲಿ ಯಾಕ್ ಎದುರಾದರೆ ಗುಡ್ಡದ ಕಡೆ ಸರಿದು ನಿಲ್ಲಿ, ಕಣಿವೆಯ ಕಡೆ ಅಲ್ಲ. ಅದರ ಹೊರೆ ಅಗಲ, ತಳ್ಳಿದ್ದು ಅದಕ್ಕೆ ಗೊತ್ತೂ ಆಗದು.

ಆರೋಹಿಗಳ ಬೇಸ್ ಕ್ಯಾಂಪು

ನಮಗೆ ಮುಗಿಯುವ ಜಾಗ ಆರೋಹಿಗಳಿಗೆ ಶುರುವಾಗುವ ಜಾಗ. 2012ರಲ್ಲಿ ಎವರೆಸ್ಟ್, 2019ರಲ್ಲಿ ಕಾಂಚನಜುಂಗಾ ಏರಿದ ಪುಣೆಯ ಗಿರಿಪ್ರೇಮಿಯಂಥ ತಂಡಗಳಿಗೆ ಬೇಸ್ ಕ್ಯಾಂಪಿನವರೆಗಿನ ನಡಿಗೆಯೇ ಮೈ ಹದಗೊಳಿಸುವ ಮೊದಲ ಹಂತ. ಏಪ್ರಿಲ್‌ನಲ್ಲಿ ಬಂದು ಮೇ ಮಧ್ಯದ ನಂತರದ ಗಾಳಿ ತಗ್ಗಿದ ದಿನಗಳಿಗಾಗಿ ಕಾಯುತ್ತಾರೆ. ಅಷ್ಟರಲ್ಲಿ ಖುಂಬು ಐಸ್‌ಫಾಲಿನ (ಹಿಮನದಿ ಒಡೆದು ಕಡಿದಾಗಿ ಇಳಿಯುವ ಜಾಗದ) ಬಿರುಕುಗಳಿಗೆ ಏಣಿ-ಹಗ್ಗ ಹಾಕುವ ಶೆರ್ಪಾ ತಂಡ ದಾರಿ ಸಿದ್ಧ ಮಾಡಿರುತ್ತದೆ. ಆರೋಹಿಗಳು 6000ರ ಮೇಲಿನ ಒಂದನೆಯ, 6400ರ ಆಸುಪಾಸಿನ ಎರಡನೆಯ ಶಿಬಿರಗಳಿಗೆ ಹತ್ತಿ, ಮಲಗಿ, ಮತ್ತೆ ಕೆಳಗಿಳಿಯುತ್ತಾರೆ. ನಾವು ನಾಮ್ಚೆಯಿಂದ ಖುಮ್ಜುಂಗ್‌ಗೆ ಹೋಗಿ ಬಂದದ್ದರ ದೊಡ್ಡ ರೂಪ ಅದು.

ಅಲ್ಲಿನ ನೆಲವೂ ನೆಲವಲ್ಲ, ಕಲ್ಲು ಮುಚ್ಚಿದ ಹರಿಯುವ ಹಿಮ. ಡೇರೆಯ ಅಡಿ ನೆರಳಿರುವುದರಿಂದ ಸುತ್ತಲಿನ ಹಿಮ ಕರಗಿ, ಡೇರೆಗಳು ವಾರಗಳಲ್ಲಿ ಕಟ್ಟೆಯ ಮೇಲೆ ಕೂತಂತೆ ಎದ್ದು ನಿಲ್ಲುತ್ತವೆ. ಬಿಚ್ಚಿ ಮತ್ತೆ ಸಮತಟ್ಟು ಮಾಡಿ ಹಾಕಬೇಕಾಗುತ್ತದೆ. ಚಾರಣಿಗರಿಗೆ ಸಾಮಾನ್ಯವಾಗಿ ಅಲ್ಲಿ ಉಳಿಯುವ ಏರ್ಪಾಟಿಲ್ಲ. ಯಾವ ತಂಡದ ಡೇರೆಯೊಳಗೂ ಕರೆಯದೆ ಇಣುಕಬೇಡಿ. ಎರಡು ತಿಂಗಳ ಖರ್ಚು, ತಯಾರಿ ಒಂದು ನೆಗಡಿಗೆ ಮಣ್ಣಾಗಬಹುದೆಂಬ ಭಯ ಅವರಿಗಿರುತ್ತದೆ, ಮತ್ತು ಆ ಹೊತ್ತಿಗೆ ನಮ್ಮಲ್ಲಿ ಬಹಳ ಜನ ಕೆಮ್ಮುತ್ತಿರುತ್ತೇವೆ.

ಮರಳುವಾಗ ಒಂದೇ ಗೊಂದಲ, ಲುಕ್ಲಾ. 527 ಮೀಟರಿನ ಇಳಿಜಾರು ರನ್‌ವೇ, ಒಂದು ತುದಿಗೆ ಗುಡ್ಡ, ಇನ್ನೊಂದಕ್ಕೆ ಕಣಿವೆ. ಮಧ್ಯಾಹ್ನದ ಹೊತ್ತಿಗೆ ಗಾಳಿ, ಮೋಡ ಏಳುವುದರಿಂದ ವಿಮಾನಗಳೆಲ್ಲ ಬೆಳಗ್ಗೆಯೇ. ಮಂಜು ಕವಿದರೆ ಎರಡು ಮೂರು ದಿನವೂ ನಿಲ್ಲಬಹುದು. ಜನದಟ್ಟಣೆಯ ತಿಂಗಳುಗಳಲ್ಲಿ ವಿಮಾನ ಕಾಠ್ಮಂಡುವಿಗೆ ಹೋಗದೆ ರಾಮೆಛಾಪ್‌ನಲ್ಲಿ ಇಳಿಸುತ್ತದೆ, ಅಲ್ಲಿಂದ ನಾಲ್ಕೈದು ಗಂಟೆಯ ರಸ್ತೆ. ಆದ್ದರಿಂದ ಕಾಠ್ಮಂಡು-ಮುಂಬೈ ಟಿಕೆಟನ್ನು ಲುಕ್ಲಾದಿಂದ ಬರುವ ದಿನಕ್ಕೆ ತೆಗೆಯದೆ ಎರಡು ದಿನ ಬಿಟ್ಟು ತೆಗೆಯಿರಿ, ದಿನಾಂಕ ಬದಲಾಯಿಸಲು ಬರುವಂಥದ್ದನ್ನೇ.